ದೇವರ ಬನ ಉಳಿಯಬೇಕಾ? ಮೊದಲು ಉತಾರ ತೆಗೆಸಿ

ಕೊಡಲಿ ಬರುವುದಕ್ಕೆ ಎಷ್ಟೋ ದಿನ ಮೊದಲೇ ಬನ ಕಾಗದದ ಮೇಲೆ ಹೋಗಿರುತ್ತದೆ. ಭೂಮಾಪಕನಾಗಿ ಬೆಳಗಾವಿ ಜಿಲ್ಲೆ ಸುತ್ತಿದವನು ನಾನು. ನೌಕರಿಯ ಹೆಚ್ಚಿನ ಕಾಲ ಖಾನಾಪುರ ತಾಲೂಕಿನಲ್ಲೇ ಕಳೆಯಿತು. ನಿವೃತ್ತಿಯಾದ ಮೇಲೂ ಆ ಊರುಗಳ ಹುಡುಗರು ಫೋನ್ ಮಾಡುತ್ತಾರೆ. "ಕಾಕಾ, ನಮ್ಮ ದೇವರ ಬನದಾಗ ಯಾರೋ ಬಂದು ಮರಕ್ಕ ಕೆಂಪು ನಂಬರ್ ಹಚ್ಚಿ ಹೋಗ್ಯಾರ, ಈಗೇನ್ ಮಾಡೂದು?" ಕಡಿಯುವ ಮರಕ್ಕೆ ಗುರುತು ಹಾಕುವ ಆ ನಂಬರ್ ಬಿದ್ದ ಮೇಲೂ ಮಾಡುವಂಥದ್ದು ಇದೆ, ಹೇಳುತ್ತೇನೆ. ಆದರೆ ಯಾರೂ ಬಾರದಿರುವಾಗಲೇ ಶುರು ಮಾಡಿದರೆ ಅರ್ಧ ಕೆಲಸ ಹಗುರ.

ಮೊದಲು ಬನ ಯಾವ ಸರ್ವೆ ನಂಬರಿನಲ್ಲಿದೆ ಅಂತ ಗೊತ್ತಾಗಬೇಕು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್ ಫೋನಿಗೆ ಹಾಕಿಕೊಂಡು ಬನದೊಳಗೆ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಉತಾರ, ಅಂದರೆ ಪಹಣಿ, ತೆಗೆಸಿ. 3ನೇ ಕಾಲಂನಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟಿದೆ, 9ರಲ್ಲಿ ಯಾರ ಹೆಸರಿದೆ, 11ರಲ್ಲಿ ಇತರೆ ಹಕ್ಕು ಏನಿದೆ ನೋಡಿ. 'ಬ' ಖರಾಬು ಅಂತಿದ್ದರೆ ಅದು ಸಾರ್ವಜನಿಕ ಜಾಗ, ಒಳ್ಳೆಯದು. 9ರಲ್ಲಿ ಖಾಸಗಿ ಹೆಸರಿದ್ದರೂ ಎದೆಗುಂದಬೇಡಿ. ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಒಂದು ಆದೇಶ ಕೊಟ್ಟಿದೆ. ಜಾಗ ಯಾರ ಹೆಸರಿನಲ್ಲೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಅದು ಕಾಡೇ ಅಂತ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂತು. ಆದರೂ ಸದ್ಯಕ್ಕೆ ಹಳೇ ಅರ್ಥವನ್ನೇ ಹಿಡಿಯಿರಿ ಅಂತ ಅದೇ ಕೋರ್ಟು 2024ರ ಫೆಬ್ರವರಿಯಲ್ಲಿ ರಾಜ್ಯಗಳಿಗೆ ಹೇಳಿದೆ.

ಉತಾರ ಒಂದೇ ಸಾಲದು. ಸರ್ವೆ ಕಚೇರಿಯಿಂದ ಗ್ರಾಮ ನಕ್ಷೆ, ಟಿಪ್ಪಣಿ (ಅಳತೆಯ ಕಚ್ಚಾ ನಕ್ಷೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಮೂರಕ್ಕೂ ನಕಲು ಅರ್ಜಿ ಹಾಕಿ. ನಮ್ಮ ಭಾಗ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಹಳೇ ದಾಖಲೆ ಮರಾಠಿಯಲ್ಲಿರುತ್ತದೆ, ಇನ್ನೂ ಹಳೆಯದಾದರೆ ಮೋಡಿ ಲಿಪಿಯಲ್ಲಿ. ಓದಲು ಬರುವುದಿಲ್ಲ ಅಂತ ಬಿಟ್ಟುಬಿಡಬೇಡಿ. ಮೋಡಿ ಓದುವ ಹಿರಿಯರು ಈಗಲೂ ಇದ್ದಾರೆ, ಹುಡುಕಿ ಓದಿಸಿ. ಹಳೇ ಕಾಗದದಲ್ಲಿ ದೇವರ ಹೆಸರೋ, ಬನ ಅನ್ನುವ ಒಂದು ಮಾತೋ ಇದ್ದರೂ ಅದಕ್ಕೆ ಬಹಳ ಬೆಲೆ ಇದೆ.

ಆಮೇಲೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಕೊಡಿ. ಅಳತೆಗೆ ಬಂದ ದಿನ ಊರಿನ ನಾಲ್ಕು ಜನ ಹಿರಿಯರು ಜೊತೆಗಿರಲೇಬೇಕು. ಸುಮ್ನೆ ನಿಂತು ನೋಡಿದರೆ ಆಗುವುದಿಲ್ಲ. ಗಡಿಯ ಪ್ರತಿ ಬಾಂದು ಕಲ್ಲಿನ ಹತ್ತಿರ ಹೋಗಿ, ಸುತ್ತಲಿನ ಪೊದೆ ಸವರಿ, ಕಲ್ಲು ಪೂರ್ತಿ ಕಾಣುವಂತೆ ಮಾಡಿ ಫೋಟೊ ತೆಗೆಯಿರಿ. ಹಳೇ ಕಲ್ಲು ಮಣ್ಣಿನಲ್ಲಿ ಆಳಕ್ಕೆ ಕೂತಿರುತ್ತದೆ, ನೆತ್ತಿಯ ಮೇಲೆ ಪಾಚಿ ಹಿಡಿದಿರುತ್ತದೆ. ಇತ್ತೀಚೆಗೆ ಕಿತ್ತು ನೆಟ್ಟ ಕಲ್ಲಾದರೆ ಬುಡದ ಮಣ್ಣು ಸಡಿಲ ಇರುತ್ತದೆ, ಪಾಚಿ ಒಂದೇ ಮಗ್ಗುಲಿಗೆ ಇರುತ್ತದೆ. ಪಕ್ಕದ ಹೊಲದವರು ವರ್ಷಕ್ಕೆ ಒಂದೊಂದು ಸಾಲು ಒಳಗೆ ಉತ್ತುಕೊಂಡು ಬರುತ್ತಾರಲ್ಲ, ಅದು ಗೊತ್ತಾಗುವುದೇ ಈ ಕಲ್ಲಿನಿಂದ. ಆ ಒಂದೆರಡು ಗುಂಟೆ ಈಗಲೇ ಮಾತಾಡಿ ಬಿಡಿಸಿಕೊಳ್ಳಿ. ಬೇಲಿ, ಶೆಡ್ಡು ಬಂದ ಮೇಲೆ ಬಿಡಿಸುವುದು ಬಹಳ ಕಷ್ಟ.

ಮರಗಳ ಪಟ್ಟಿಯನ್ನು ನೀವೇ ಮಾಡಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳಿ. ನೇರಳೆ, ಮತ್ತಿ, ಹೊನ್ನೆ, ಬೈನೆ, ಮುರುಗಲು, ಹೀಗೆ ಊರಿನವರು ಕರೆಯುವ ಹೆಸರೇ ಸಾಕು. ಈ ಪಟ್ಟಿಯನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಟ್ಟು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಈ ಸಮಿತಿ ಇರಬೇಕು. ಬಹಳ ಕಡೆ ಇದು ಹೆಸರಿಗೆ ಮಾತ್ರ ಇದೆ. ಹಾಗಿದ್ದರೆ ನೀವೇ ಬೆನ್ನು ಹತ್ತಿ ಸಭೆ ಕರೆಸಿ.

ಎಲ್ಲಕ್ಕಿಂತ ಗಟ್ಟಿ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಜನ ಇದನ್ನು ಹೊಲದ ಪಟ್ಟಾ ಕೊಡುವ ಕಾಯ್ದೆ ಅಂತಷ್ಟೇ ತಿಳಿದಿದ್ದಾರೆ. ಅರಣ್ಯ ಜಾಗದಲ್ಲಿ ಊರು ಹಿಂದಿನಿಂದ ಕಾಪಾಡಿಕೊಂಡು ಬಂದ ಕಾಡನ್ನು ಮುಂದೆಯೂ ಕಾಯುವ, ನಿರ್ವಹಿಸುವ ಸಮುದಾಯ ಹಕ್ಕು ಇದರಲ್ಲಿದೆ. ಅದಕ್ಕೆ 'ಸಿ' ನಮೂನೆಯ ಅರ್ಜಿ. ಗ್ರಾಮಸಭೆಯಲ್ಲಿ ಅರ್ಧದಷ್ಟು ಸದಸ್ಯರು ಕೂರಬೇಕು, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಈ ಲೆಕ್ಕ ತಪ್ಪಿದರೆ ಠರಾವು ನಿಲ್ಲುವುದಿಲ್ಲ, ಹಾಜರಿ ಪುಸ್ತಕದಲ್ಲಿ ಸಹಿ ಸರಿಯಾಗಿ ಹಾಕಿಸಿ. ದೇವರ ಮರ, ಬನ, ಕೊಳ ಇವನ್ನೇ ಪುರಾವೆ ಅಂತ ನಿಯಮ ಒಪ್ಪುತ್ತದೆ. ಹಿರಿಯರ ಹೇಳಿಕೆ ಬರೆದುಕೊಂಡರೂ ನಡೆಯುತ್ತದೆ. ಒಂದಕ್ಕಿಂತ ಜಾಸ್ತಿ ಪುರಾವೆ ಜೋಡಿಸಿ. ಒಂದೂರಿನಲ್ಲಿ ಒಬ್ಬ ಅಜ್ಜಿ ಹೇಳಿದ್ದು ನನಗಿನ್ನೂ ನೆನಪಿದೆ: "ನಾ ಮದಿವಿಯಾಗಿ ಬಂದಾಗಿಂದ ನೋಡೇನ್ರೀ ಸರ, ಇಲ್ಲಿ ಒಣಗಿದ ಕಡ್ಡೀನೂ ಒಲಿಗೆ ಒಯ್ಯಂಗಿಲ್ಲ." ಇಂಥ ಮಾತನ್ನು ಹಾಗೇ, ಅವರ ಭಾಷೆಯಲ್ಲೇ ಬರೆದು ಹೆಬ್ಬೆಟ್ಟು ಹಾಕಿಸಿ. ಹಿರಿಯರು ಹೋದರೆ ಆ ಪುರಾವೆಯೂ ಹೋಯಿತು.

ಇನ್ನು ಕೆಂಪು ನಂಬರ್ ಬಿದ್ದೇಬಿಟ್ಟರೆ? ಆವತ್ತೇ ಫೋಟೊ ತೆಗೆದು ವಲಯ ಅರಣ್ಯಾಧಿಕಾರಿಗೆ ಬರಹದಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ಜೊತೆಗೇ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಕಥೆ ಬರೆಯಬೇಡಿ. ಯೋಜನೆಯ ನಕ್ಷೆ ಕೊಡಿ, ಮರ ಕಡಿಯುವ ಅನುಮತಿಯ ಪ್ರತಿ ಕೊಡಿ, ಅರಣ್ಯ ತೀರುವಳಿ (ಅರಣ್ಯ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು ಸರ್ಕಾರದ ಒಪ್ಪಿಗೆ) ಆಗಿದ್ದರೆ ಅದರ ಪ್ರತಿ ಕೊಡಿ, ಇಷ್ಟೇ ಕೇಳಿ. ಅರಣ್ಯ ಜಾಗವನ್ನು ಬೇರೆ ಕೆಲಸಕ್ಕೆ ಕೇಳಿದ ಅರ್ಜಿಗಳನ್ನು ಕೇಂದ್ರದ ಪರಿವೇಶ್ ಜಾಲತಾಣದಲ್ಲೂ ಹುಡುಕಬಹುದು. ತೀರುವಳಿಯ ಆದೇಶದ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬೇಕಾದರೆ 30 ದಿನ ಅವಕಾಶ. ತಡಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನದವರೆಗೆ ಒಪ್ಪಬಹುದು, ಆಮೇಲೆ ಬಾಗಿಲು ಮುಚ್ಚಿತು. ನಮಗೆ ಚೆನ್ನೈ ಪೀಠ.

ಮಾತುಕತೆಯಲ್ಲಿ ಒಂದು ಮಾತು ಬಂದೇ ಬರುತ್ತದೆ: "ಒಂದು ಮರಕ್ಕೆ ಹತ್ತು ಸಸಿ ನೆಟ್ಟುಕೊಡುತ್ತೇವೆ." ಇದಕ್ಕೆ ಒಪ್ಪಬೇಡಿ. ಸಸಿ ನೆಟ್ಟರೆ ತೋಪು ಆಗಬಹುದು. ಬನದ ನೆಲದಲ್ಲಿ ಮೊಳಕಾಲು ಮಟ್ಟ ಕೊಳೆತ ಎಲೆ, ಅದರೊಳಗಿನ ಶಿಲೀಂಧ್ರ, ಮರದ ಪೊಟರೆ, ಬಳ್ಳಿ ಇವೆಲ್ಲ ಕೂಡಿಬರಲು ತಲೆಮಾರುಗಳೇ ಬೇಕು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟು ದಾಟಿ, ಪಟ್ಟದಕಲ್ಲು, ಐಹೊಳೆ ಹಾದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತಾಳೆ. ಬಾಗಲಕೋಟೆ ಜಿಲ್ಲೆಯ ಹೊಳೆದಂಡೆಯ ಊರಿನವರು ಕುಡಿಯುವ ನೀರಿಗೂ ಖಾನಾಪುರದ ಈ ಎಲೆಗೊಬ್ಬರಕ್ಕೂ ಸಂಬಂಧ ಇದೆ ಅಂತ ಆಗ ಎದ್ದು ನಿಂತು ಹೇಳಿ.

ಬನದ ಒಳಗೆ ಮಾಡುವ ಕೆಲಸ ಕಡಿಮೆ, ಮಾಡದೆ ಬಿಡುವುದೇ ಜಾಸ್ತಿ. ಗುಡಿಗೆ ಸಿಮೆಂಟು ಕಟ್ಟೆ, ಟೈಲ್ಸು, ಒಳಗಿನವರೆಗೆ ಕಾರು ಬರುವ ರಸ್ತೆ ಬೇಡ. ಭಕ್ತಿಯಿಂದಲೇ ಮಾಡುತ್ತಾರೆ, ನಿಜ. ಆದರೆ ಜೆಸಿಬಿ ಒಮ್ಮೆ ಒಳಗೆ ಬಂದರೆ ಬೇರು ಕಡಿಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ಬೆಳಕು ಬಿದ್ದ ಕಡೆ ಲಂಟಾನ ಏಳುತ್ತದೆ. ಲಂಟಾನವನ್ನು ಮಳೆ ಬಿದ್ದು ಮಣ್ಣು ಮೆತ್ತಗಾದಾಗ, ಹಣ್ಣು ಬಿಡುವ ಮೊದಲೇ ಬೇರು ಸಮೇತ ಕೀಳಿ. ಒಮ್ಮೆಗೆ ಸ್ವಲ್ಪ ಜಾಗ ಮಾತ್ರ. ತೆರವಾದಲ್ಲಿ ಬನದ್ದೇ ಸಸಿಗಳು ತಾವಾಗಿ ಏಳುತ್ತವೆ, ನರ್ಸರಿಯಿಂದ ತರುವುದು ಬೇಡ.

ಒಣಗಿ ನಿಂತ ಮರವನ್ನೂ ಪೊಳ್ಳು ಮರವನ್ನೂ ಹರಾಜಿಗೆ ಕೊಡಬೇಡಿ. ಮಂಗಟ್ಟೆ ಹಕ್ಕಿ ಗೂಡು ಕಟ್ಟುವುದು ಅಂಥ ಪೊಟರೆಯಲ್ಲೇ. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸೀಳು ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿನಲ್ಲೇ ಕೊಡುತ್ತದೆ. ಬುಡದಲ್ಲಿ ಹಿಕ್ಕೆಯ ಜೊತೆ ಬೀಜಗಳ ರಾಶಿ ಕಂಡರೆ ಅದೇ ಗೂಡಿನ ಮರ. ಪಟ್ಟಿಯಲ್ಲಿ ಅದಕ್ಕೆ ಗುರುತು ಹಾಕಿ, ಮರಿ ಹಾರುವ ತನಕ ಆ ಕಡೆ ಯಾರನ್ನೂ ಬಿಡಬೇಡಿ.

ಬೆಂಕಿ ಗೆರೆಯನ್ನು ಜನವರಿ ಮುಗಿಯುವುದರೊಳಗೆ ಎಳೆಯಿರಿ. ಬನದ ಹೊರಗಡೆ, ಹೊಲದ ಮಗ್ಗುಲಿಗೆ ಹತ್ತು-ಹನ್ನೆರಡು ಅಡಿ ಅಗಲ ಹುಲ್ಲು, ತರಗೆಲೆ ಗುಡಿಸಿದರೆ ಸಾಕು. ಗುಡಿಸಿದ್ದನ್ನು ಸುಡಬೇಡಿ, ಒಳಗಿನ ಮರಗಳ ಕಡೆಗೆ ಹರಡಿ. ಹೊಲದಲ್ಲಿ ಕಬ್ಬಿನ ರವದಿ (ಒಣ ಗರಿ) ಸುಡುವವರಿಗೆ ಮೊದಲೇ ಹೇಳಿಡಿ, ಸುಡುವ ದಿನ ಇಬ್ಬರು ಹಸಿ ಸೊಪ್ಪು, ನೀರಿನ ಕೊಡ ಇಟ್ಟುಕೊಂಡು ಗೆರೆಯ ಮೇಲೆ ನಿಲ್ಲಲಿ.