ಮೊದಲು ಇಸವಿ, ಆಮೇಲೆ ಬಣ್ಣ: ನನ್ನ ಐಸಿಎಫ್ ಕೋಚ್‌ಗಳು

ಮಾಡೆಲ್ ರೈಲಿನ ಕೋಚ್ ಮಾಡಲು ಹೊರಟವರು ಸಾಮಾನ್ಯವಾಗಿ ಬಣ್ಣದಿಂದ ಶುರು ಮಾಡುತ್ತಾರೆ. ನಾನು ಇಸವಿಯಿಂದ ಶುರು ಮಾಡುತ್ತೇನೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಒಂದನ್ನು ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, ಮಾಡಲು ಕೂತಾಗ 1999 ಅಂತ ಗಟ್ಟಿ ಮಾಡಿಕೊಂಡೆ.

ಆಗ ಓಡುತ್ತಿದ್ದದ್ದು ಐಸಿಎಫ್ ಕೋಚ್, ಅಂದರೆ ಚೆನ್ನೈನ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯ ವಿನ್ಯಾಸದ್ದು. ಮೂಲ ವಿನ್ಯಾಸ ಸ್ವಿಟ್ಜರ್ಲೆಂಡಿನದು, ಕಾರ್ಖಾನೆ ಶುರುವಾದದ್ದು 1955ರಲ್ಲಿ. ಬಾಡಿಯ ಉದ್ದ 21,337 ಮಿ.ಮೀ., ಮಾಡೆಲ್‌ಗೆ 245. ಯುರೋಪಿನ 26.4 ಮೀಟರ್ ಕೋಚಿನ ಮಾಡೆಲ್ ತಂದು ನೀಲಿ ಬಳಿದರೆ 303 ಮಿ.ಮೀ. ಆಗುತ್ತದೆ. ಎಷ್ಟೇ ನೀಟಾಗಿ ಬಳಿದರೂ ಅದು ನಮ್ಮ ರೈಲು ಅನ್ನಿಸುವುದಿಲ್ಲ. ಅದಕ್ಕೇ ಬಾಡಿಯನ್ನು ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಲ್ಲಿ ನಾನೇ ಕತ್ತರಿಸಿದೆ, ಕಿಟಕಿಯ ಅಡ್ಡ ಸರಳಿಗೆ ತೆಳು ತಂತಿ ಅಂಟಿಸಿದೆ. ಕೆಳಗಿನ ಟ್ರಾಲಿಯನ್ನೂ, ಅಂದರೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟನ್ನೂ, ಸುಮ್ನೆ ಕೊಂಡು ಹಾಕುವ ಹಾಗಿಲ್ಲ. ಐಸಿಎಫ್ ಟ್ರಾಲಿಯ ಎರಡು ಆಕ್ಸಲ್ ನಡುವಿನ ಅಂತರ 2,896 ಮಿ.ಮೀ., ಮಾಡೆಲ್‌ನಲ್ಲಿ 33.3. ಸುಲಭವಾಗಿ ಸಿಗುವ ಜರ್ಮನ್ ನಮೂನೆಯವು ಸುಮಾರು 29. ಪಕ್ಕದಿಂದ ನೋಡಿದರೆ ಆ ನಾಲ್ಕು ಮಿ.ಮೀ. ಕಣ್ಣಿಗೆ ಚುಚ್ಚುತ್ತದೆ.

ಒಂದು ಕಡೆ ಮಾತ್ರ ರಾಜಿ ಮಾಡಿಕೊಂಡೆ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ., ಲೆಕ್ಕದ ಪ್ರಕಾರ ಹಳಿ 19.3 ಇರಬೇಕು. ಎಚ್‌ಒ ಹಳಿ 16.5. ಹಳಿ, ಪಾಯಿಂಟ್ಸ್, ಎಂಜಿನ್ ಎಲ್ಲವನ್ನೂ ಹೊಸದಾಗಿ ಮಾಡುವುದು ನನ್ನ ಕೈಲಾಗದ ಕೆಲಸ. ಚಕ್ರ ಒಳಗಿದ್ದರೂ ಟ್ರಾಲಿಯ ಹೊರಚೌಕಟ್ಟನ್ನು ಸರಿಯಾದ ಅಗಲಕ್ಕೇ ಕೂರಿಸಿದೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಅಕ್ಷರದ ಕೆಲಸ. ಮೈಸೂರು ರೈಲು ಅಂದ ತಕ್ಷಣ ಎಸ್‌ಡಬ್ಲ್ಯೂಆರ್ ಬರೆಯಲು ಕೈ ಹೋಗುತ್ತದೆ, ಅಲ್ವಾ? ಹುಬ್ಬಳ್ಳಿ ಕೇಂದ್ರದ ನೈಋತ್ಯ ರೈಲ್ವೆ ಕೆಲಸ ಶುರು ಮಾಡಿದ್ದೇ 2003ರ ಏಪ್ರಿಲ್ 1ರಂದು. ಅದಕ್ಕೂ ಮುಂಚೆ ಬೆಂಗಳೂರು, ಮೈಸೂರು ಎರಡೂ ದಕ್ಷಿಣ ರೈಲ್ವೆಯಲ್ಲಿದ್ದವು. ಹಾಗಾಗಿ ನನ್ನ ಕೋಚ್ ಮೇಲಿರುವುದು ಎಸ್‌ಆರ್. ಐದಂಕಿಯ ಕೋಚ್ ನಂಬರಿನಲ್ಲಿ ಮೊದಲೆರಡು ಅಂಕಿ ತಯಾರಾದ ವರ್ಷ ಹೇಳುತ್ತವೆ. ಅಲ್ಲಿ 97 ಇದ್ದರೆ ಸರಿ, 02 ಇದ್ದರೆ ಇಸವಿಗೇ ಹೊಂದುವುದಿಲ್ಲ. ಊರ ಹೆಸರಿನ ಬೋರ್ಡಿನಲ್ಲಿ ಕನ್ನಡದ್ದು ಬೆಂಗಳೂರು, ಇಂಗ್ಲಿಷಿನದ್ದು ಬ್ಯಾಂಗಲೋರ್. ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು.

ಕೊನೆಗೆ ಬಣ್ಣ. ಗಾಢ ನೀಲಿ, ಕಿಟಕಿ ಸಾಲಿಗೆ ತಿಳಿನೀಲಿ ಪಟ್ಟಿ. ಆದರೆ ಒಂದು ಕೋಚನ್ನು ಬೇಕೆಂದೇ ಹಳೆಯ ಮರೂನ್‌ನಲ್ಲಿ ಬಿಟ್ಟಿದ್ದೇನೆ. ಆ ವರ್ಷಗಳಲ್ಲಿ ವರ್ಕ್‌ಶಾಪಿಗೆ ಹೋದ ಕೋಚ್ ಒಂದೊಂದಾಗಿ ನೀಲಿಯಾಗುತ್ತಿತ್ತು, ಒಂದೇ ರೈಲಿನಲ್ಲಿ ಎರಡೂ ಬಣ್ಣ ಇರುತ್ತಿದ್ದವು. ಪೂರ್ತಿ ನೀಲಿ ರೈಲು ನೋಡಲು ಚೆಂದ, ಆದರೆ 1999ಕ್ಕೆ ಈ ಬೆರಕೆಯೇ ಹೆಚ್ಚು ನಿಜ. ಟ್ರಾಲಿಗೆ ಬ್ರೇಕ್ ಧೂಳಿನ ಕಂದು ಬಣ್ಣ ಸವರಿದೆ. ಆಮೇಲೆ ಬಂದ ಜರ್ಮನ್ ವಿನ್ಯಾಸದ ಕೆಂಪು ಎಲ್‌ಎಚ್‌ಬಿ ಕೋಚ್ ಸೇರಿಸಿ ಅಂತ ಕೆಲವರು ಕೇಳುತ್ತಾರೆ. ಅದರ ಉದ್ದವೇ ಸುಮಾರು 270 ಮಿ.ಮೀ., ಕಪ್ಲಿಂಗ್ ಕೂಡ ಬೇರೆ. ಅದು ಈ ರೈಲಿಗೆ ಸೇರುವುದಿಲ್ಲ.