ಹೋಂಸ್ಟೇಯವರು ‘ಬನ್ನಿ’ ಎನ್ನಬೇಕೆಂದರೆ

ಮೂಡಿಗೆರೆ ಕಡೆಯ ನಮ್ಮ ಸೋದರತ್ತೆಯ ಮನೆಯಲ್ಲಿ ಅತಿಥಿಗಳಿಗೆಂದು ಮೂರು ಕೋಣೆಗಳಿವೆ. ಅಲ್ಲಿ ಮೊಬೈಲ್ ಸಿಗ್ನಲ್ ಬೇಕೆಂದರೆ ಕಾಫಿ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ಹಾಗಾಗಿ ತಂಗಲು ಮನೆ, ಕೋಣೆ ಕಾಯ್ದಿರಿಸುವ ಏರ್‌ಬಿಎನ್‌ಬಿ ಎಂಬ ಆ್ಯಪ್‌ಗೆ ಬರುವ ಕೋರಿಕೆಗಳನ್ನು ಅತ್ತೆಗೆ ಫೋನಿನಲ್ಲಿ ಓದಿ ಹೇಳಿ, ಅವರು ಹೇಳಿದಂತೆ ‘ಬನ್ನಿ’ ಎಂದೋ ‘ಕ್ಷಮಿಸಿ’ ಎಂದೋ ಉತ್ತರಿಸುವ ಕೆಲಸ ಬೆಂಗಳೂರಿನಲ್ಲಿರುವ ನನ್ನ ಪಾಲಿಗೆ ಬಂದಿದೆ. ನಾಲ್ಕು ವರ್ಷಗಳಿಂದ ಇದನ್ನು ಮಾಡುತ್ತಿದ್ದೇನೆ. ‘ಕ್ಷಮಿಸಿ’ ಎನಿಸಿಕೊಂಡವರಲ್ಲಿ ಹೆಚ್ಚಿನವರು ಒಳ್ಳೆಯ ಜನರೇ ಇದ್ದಿರಬೇಕು. ಆದರೆ ಅದು ನಮಗೆ ತಿಳಿಯುವಂತೆ ಅವರು ಒಂದು ಸಾಲನ್ನೂ ಬರೆದಿರಲಿಲ್ಲ. ಅತ್ತೆ ಮಲಗುವ ಕೋಣೆಗೂ ಅತಿಥಿಗಳ ಕೋಣೆಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಬರುವವರು ಯಾರು ಎಂದು ಅವರು ಹತ್ತು ಸಲ ಕೇಳಿದರೆ ತಪ್ಪೇನಿಲ್ಲ.

ಮೊದಲಿಗೆ ಒಂದು ಅಡ್ಡದಾರಿಯನ್ನು ಹೇಳಿಬಿಡುತ್ತೇನೆ. ಏರ್‌ಬಿಎನ್‌ಬಿಯಲ್ಲಿ ಹುಡುಕುವಾಗ ‘ಇನ್‌ಸ್ಟಂಟ್ ಬುಕ್’ ಎಂಬುದನ್ನು ಆರಿಸಿಕೊಂಡರೆ, ಮಾಲೀಕರ ಒಪ್ಪಿಗೆಗೆ ಕಾಯದೆ ಕೋಣೆ ಖಾತ್ರಿಯಾಗುವ ಮನೆಗಳು ಮಾತ್ರ ಕಾಣುತ್ತವೆ. ಅವಸರವಿದ್ದವರು ಅಲ್ಲಿಗೇ ಹೋಗಿ ಈ ಲೇಖನದ ಉಳಿದ ಭಾಗವನ್ನು ಬಿಟ್ಟುಬಿಡಬಹುದು. ಹಳೆಯ ತೊಟ್ಟಿಮನೆ, ಸೌದೆ ಒಲೆಯ ಅಡುಗೆ, ಹಿತ್ತಿಲ ಪಕ್ಕದಲ್ಲೇ ಹಳ್ಳ ಎಂದು ಹುಡುಕುವವರು ಮಾತ್ರ ಮುಂದೆ ಓದಿ. ಅಂಥ ಮನೆಯವರು ಕೇಳಿಯೇ ಒಪ್ಪುವವರು.

1. ಖಾತೆ

ನಿಜವಾದ ಹೆಸರು, ಮುಖ ಕಾಣುವ ಫೋಟೊ, ಗುರುತಿನ ಪರಿಶೀಲನೆ: ಹತ್ತು ನಿಮಿಷದ ಕೆಲಸ, ಮುಗಿಸಿಬಿಡಿ. ‘ಡ್ಯಾಶಿಂಗ್ ಪ್ರಿನ್ಸ್’ ಎಂಬ ಹೆಸರಿನಿಂದ ಕೋರಿಕೆ ಬಂದರೆ ಅದನ್ನು ಅತ್ತೆಗೆ ಓದಿ ಹೇಳಲು ನನಗೇ ನಾಚಿಕೆ. ಫೋಟೊ ಚೆನ್ನಾಗಿ ಬಂದಿಲ್ಲವೆಂದು ಕೊರಗಬೇಡಿ. ಮುಖ, ಬಣ್ಣ ನೋಡಿ ಅತಿಥಿಗಳನ್ನು ತಳ್ಳಿಹಾಕಲಾಗುತ್ತಿದೆ ಎಂಬ ದೂರುಗಳ ಬಳಿಕ, 2018ರಲ್ಲಿ ಏರ್‌ಬಿಎನ್‌ಬಿ ನಿಯಮ ಬದಲಿಸಿತು. ಈಗ ಬುಕ್ಕಿಂಗ್ ಒಪ್ಪಿದ ಮೇಲಷ್ಟೇ ಅತಿಥಿಯ ಫೋಟೊ ಮಾಲೀಕರಿಗೆ ಕಾಣುತ್ತದೆ. ಅದಕ್ಕೂ ಮೊದಲು ನಮ್ಮ ಕಣ್ಣಿಗೆ ಬೀಳುವುದು ನಿಮ್ಮ ಹೆಸರು, ಹಿಂದೆ ನೀವು ತಂಗಿದ ಮನೆಗಳವರು ಬರೆದ ಮಾತು ಮತ್ತು ನಿಮ್ಮ ಸಂದೇಶ.

ಗೆಳೆಯನ ಖಾತೆಗೆ ಒಳ್ಳೆಯ ಅಭಿಪ್ರಾಯಗಳಿವೆ ಎಂದು ಅದನ್ನು ಎರವಲು ಪಡೆದು ಬುಕ್ ಮಾಡುವವರಿದ್ದಾರೆ. ಗೇಟಿನ ಬಳಿ ಗುರುತಿನ ಚೀಟಿ ತೋರಿಸುವಾಗ ಬೇರೆ ಹೆಸರು ಹೊರಬಿದ್ದರೆ ಹಿಂದಿರುಗಿ ಹೋಗಬೇಕಾಗುತ್ತದೆ. ಈ ಜಾಣತನ ಬೇಡ.

2. ತಲೆ ಎಣಿಕೆ

ಆ್ಯಪ್‌ನಲ್ಲಿ ನಾಲ್ವರು, ಗೇಟಿನಲ್ಲಿ ಏಳು ಮಂದಿ: ಇದು ನಾವು ಮತ್ತೆ ಮತ್ತೆ ಕಾಣುವ ಲೆಕ್ಕ. “ಮಕ್ಕಳು ಲೆಕ್ಕಕ್ಕಿಲ್ಲ ಎಂದುಕೊಂಡೆವು” ಎನ್ನುತ್ತಾರೆ. ಏರ್‌ಬಿಎನ್‌ಬಿಯ ಲೆಕ್ಕದಲ್ಲಿ ಎರಡು ವರ್ಷ ತುಂಬದ ಕೂಸು ಮಾತ್ರ ಹೊರಗೆ, ಉಳಿದ ಮಕ್ಕಳೆಲ್ಲರೂ ಅತಿಥಿಗಳೇ. ಹಾಸಿಗೆಯನ್ನು ಹೇಗೋ ಹೊಂದಿಸಬಹುದು, ಅಡುಗೆಯನ್ನು ಹೊಂದಿಸುವುದು ಕಷ್ಟ. ಬೆಳಗಿನ ಕಡುಬಿಗೆ ಹಿಂದಿನ ದಿನವೇ ತಯಾರಿ ಆಗಬೇಕು, ಪೇಟೆ ಹದಿನೆಂಟು ಕಿಲೊಮೀಟರ್ ದೂರ. ಸಂಖ್ಯೆ ಇನ್ನೂ ಖಚಿತವಿಲ್ಲದಿದ್ದರೆ ಹೆಚ್ಚಿನದನ್ನೇ ಹೇಳಿ.

3. ಮೊದಲ ಸಂದೇಶ

ಎಲ್ಲರೂ ಎಡವುವುದು ಇಲ್ಲಿ. ನೂರಕ್ಕೆ ಎಷ್ಟೋ ಸಂದೇಶಗಳು ಹೀಗಿರುತ್ತವೆ: “ಹಾಯ್, ರೂಮ್ ಇದೆಯೇ? ಕೊನೆಯ ರೇಟ್ ಎಷ್ಟು?” ಕೋಣೆ ಖಾಲಿ ಇದೆಯೋ ಇಲ್ಲವೋ ಎಂಬುದು ಅಲ್ಲೇ ಕ್ಯಾಲೆಂಡರ್‌ನಲ್ಲಿ ಕಾಣುತ್ತದೆ. ನೋಡಿಲ್ಲ ಎಂದಾಯಿತು. ಹೆಸರು ಹೇಳುವ ಮುಂಚೆ ಚೌಕಾಸಿಗೆ ಇಳಿದದ್ದೂ ಆಯಿತು. ಇಂಥವರು ಬಂದ ಮೇಲೆ ಬಿಸಿನೀರಿಗೂ ಕಾಫಿಗೂ ಲೆಕ್ಕ ಕೇಳುತ್ತಾರೆಂದು ಅತ್ತೆಯ ನಂಬಿಕೆ. ಅದು ಸುಳ್ಳಾದದ್ದು ನನಗಂತೂ ನೆನಪಿಲ್ಲ.

ಹಾಗಾದರೆ ಏನು ಬರೆಯಬೇಕು? ನೀವು ಯಾರು, ಯಾರ ಜೊತೆ ಬರುತ್ತೀರಿ, ಆ ಕಡೆಗೆ ಬರಲು ಕಾರಣವೇನು, ಎಷ್ಟು ಹೊತ್ತಿಗೆ ಮುಟ್ಟುತ್ತೀರಿ. ಇಷ್ಟಕ್ಕೆ ಐದಾರು ಸಾಲು ಸಾಕು. ಹೋದ ವರ್ಷ ಬಂದ ಒಂದು ಸಂದೇಶವನ್ನು, ಗುರುತು ಸಿಗದಂತೆ ಊರು ಬದಲಿಸಿ ಕೊಡುತ್ತೇನೆ:

“ನಮಸ್ಕಾರ. ನಾನು ಹುಬ್ಬಳ್ಳಿಯಲ್ಲಿ ಶಾಲಾ ಶಿಕ್ಷಕಿ. ನಾನು, ನಮ್ಮ ಯಜಮಾನರು, ಅವರ ತಾಯಿ ಮತ್ತು ಆರು ವರ್ಷದ ಮಗ, ಒಟ್ಟು ನಾಲ್ವರು. ಬೇಲೂರು, ಹಳೇಬೀಡು ನೋಡಿಕೊಂಡು ಶನಿವಾರ ಸಂಜೆ ಐದರೊಳಗೆ ಬರುತ್ತೇವೆ. ಸೋಮವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುತ್ತೇವೆ. ನಮ್ಮ ಅತ್ತೆಗೆ ಮೊಣಕಾಲು ನೋವು. ಮೇಲಿನ ಕೋಣೆಗಳಿಗೆ ಹನ್ನೆರಡು ಮೆಟ್ಟಿಲು ಎಂದು ಬರೆದಿದ್ದೀರಿ, ಕೆಳಗಿನ ಕೋಣೆ ಸಿಗಬಹುದೇ? ನಾವು ಸಸ್ಯಾಹಾರಿಗಳು. ಮನೆಯಲ್ಲಿ ನಾಯಿಗಳಿವೆಯೆಂದು ಓದಿದಾಗಿನಿಂದ ಮಗ ದಿನ ಎಣಿಸುತ್ತಿದ್ದಾನೆ.”

ಇದನ್ನು ಪೂರ್ತಿ ಓದಲು ಅತ್ತೆ ಬಿಡಲಿಲ್ಲ. “ಕೆಳಗಿನ ಕೋಣೆಯನ್ನೇ ಕೊಡುತ್ತೇವೆ ಎಂದು ಬರೆ. ಆ ಅಮ್ಮನಿಗೆ ಎತ್ತರದ ಕುರ್ಚಿಯೊಂದು ಬೇಕಾಗುತ್ತದೆ” ಎಂದರು. ಈ ಸಂದೇಶದಲ್ಲಿ ಮನೆಯ ಬಗ್ಗೆ ಒಂದೇ ಒಂದು ಹೊಗಳಿಕೆ ಇಲ್ಲ ಎಂಬುದನ್ನು ಗಮನಿಸಿ. ಮೆಟ್ಟಿಲು ಹನ್ನೆರಡು ಎಂಬುದು ಮನೆಯ ವಿವರದ ಕೊನೆಯ ಭಾಗದಲ್ಲಿದೆ. ಅಲ್ಲಿಯವರೆಗೆ ಓದಿದವರು ರಾತ್ರಿ ಹತ್ತರ ನಂತರ ಗದ್ದಲ ಕೂಡದು ಎಂಬ ಸಾಲನ್ನೂ ಓದಿರುತ್ತಾರೆ. ನಿಯಮಗಳನ್ನು ಓದಿದ್ದೇನೆ ಎಂದು ಬರೆಯುವುದಕ್ಕಿಂತ, ಓದಿದವರಿಗೆ ಮಾತ್ರ ಗೊತ್ತಿರುವ ಒಂದು ವಿಷಯವನ್ನು ಕೇಳುವುದು ಮೇಲು.

ಮುಟ್ಟುವ ಹೊತ್ತನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ‘ರಾತ್ರಿ ಹನ್ನೊಂದಾಗಬಹುದು’ ಎಂಬ ಎರಡು ಪದಕ್ಕೆ ಎಷ್ಟೋ ಕೋರಿಕೆಗಳು ಬಿದ್ದುಹೋಗಿವೆ. ಮೂಡಿಗೆರೆ, ಸಕಲೇಶಪುರದ ಕಡೆ ಕತ್ತಲಾದ ಮೇಲೆ ತೋಟದ ದಾರಿಗೆ ಕಾಡಾನೆ ಬರುತ್ತದೆ. ನಿಮ್ಮನ್ನು ಎದುರುಗೊಳ್ಳಲು ಟಾರ್ಚ್ ಹಿಡಿದು ಗೇಟಿನವರೆಗೆ ಬರಬೇಕಾದವರು ಅರವತ್ತು ದಾಟಿದ ನಮ್ಮ ಮಾವ. ಬೆಂಗಳೂರಿನಿಂದ ಶುಕ್ರವಾರ ಕಚೇರಿ ಮುಗಿಸಿ ಹೊರಡುವವರು ಆ ರಾತ್ರಿ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಲಾಡ್ಜ್ ಹಿಡಿದು, ಶನಿವಾರ ಬೆಳಿಗ್ಗೆಯಿಂದ ಕೇಳುವುದು ಒಳ್ಳೆಯದು. ಇದೇ ಮಾತು ವಯನಾಡಿಗೆ ಹೋಗುವವರಿಗೂ ಅನ್ವಯ. ಬಂಡೀಪುರದ ಹೆದ್ದಾರಿ ರಾತ್ರಿ ಒಂಬತ್ತಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ ಆರಕ್ಕೆ. ಒಂಬತ್ತೂವರೆಗೆ ಗುಂಡ್ಲುಪೇಟೆಯಿಂದ ಫೋನ್ ಮಾಡಿ ಗೋಳಾಡುವ ಅತಿಥಿ ಅಲ್ಲಿನ ಮಾಲೀಕರಿಗೆ ಹೊಸಬನಲ್ಲ. ದಾರಿಯ ಲೆಕ್ಕ ಹಾಕಿ ಹೊತ್ತು ಹೇಳಿದವರ ಮೇಲೆ ಅರ್ಧ ನಂಬಿಕೆ ಆಗಲೇ ಹುಟ್ಟಿರುತ್ತದೆ.

ಋತುವಿನ ಅರಿವೂ ಕೆಲಸಕ್ಕೆ ಬರುತ್ತದೆ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಕೊಯ್ಲಿನ ಕಾಲ. ಕಣದ ತುಂಬ ಕಾಫಿ ಹರಡಿರುತ್ತದೆ, ಆಳುಗಳ ಲೆಕ್ಕ, ತೂಕ ಎಂದು ಮನೆಯವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಒಮ್ಮೆ ಒಂದು ತಂಡದ ಟೆಂಪೊ ಟ್ರಾವೆಲರ್ ನೇರವಾಗಿ ಒಣಹಾಕಿದ ಹಣ್ಣಿನ ಮೇಲೆ ಬಂದು ನಿಂತಿತು. ಅಂದಿನಿಂದ ಕೊಯ್ಲಿನ ತಿಂಗಳುಗಳಲ್ಲಿ ‘ಎಷ್ಟು ಗಾಡಿ, ಎಲ್ಲಿ ನಿಲ್ಲಿಸಬೇಕು’ ಎಂದು ತಾವಾಗಿ ಕೇಳಿದವರಿಗೆ ನಮ್ಮಲ್ಲಿ ಮೊದಲ ಮಣೆ.

ಬರೆಯುವ ಕಷ್ಟವೇಕೆಂದು ಸಿದ್ಧ ಸಂದೇಶವನ್ನು ಅಂಟಿಸುವವರಿಗೆ ಒಂದು ಕಿವಿಮಾತು. ‘ನಿಮ್ಮ ಮನಮೋಹಕ ಆಸ್ತಿಯನ್ನು ಅನುಭವಿಸಲು ನಾವು ಉತ್ಸುಕರಾಗಿದ್ದೇವೆ’ ಎಂದು ಒಬ್ಬರು ಅನುವಾದದ ಆ್ಯಪ್‌ನಲ್ಲಿ ಹಾಕಿ ಕಳಿಸಿದ್ದರು. ಓದಿ ಹೇಳಿದೆ. ಅತ್ತೆ ಕ್ಷಣ ಸುಮ್ಮನಿದ್ದು, “ಅಲ್ಲ ಮಾರಾಯ್ತಿ, ನಮ್ಮ ಆಸ್ತಿಯನ್ನು ಇವರು ಯಾಕೆ ಅನುಭವಿಸಬೇಕು? ಮಾರುತ್ತೇವೆ ಎಂದು ಯಾರು ಹೇಳಿದರು?” ಎಂದರು. ಮುರುಕು ಕನ್ನಡವಾದರೂ ಸರಿ, ಇಂಗ್ಲಿಷ್ ಆದರೂ ಸರಿ, ಸ್ವಂತದ್ದಾಗಿರಲಿ.

ಇನ್ನು ಫೋನ್ ನಂಬರ್. ಬುಕ್ಕಿಂಗ್ ಖಾತ್ರಿಯಾಗುವ ತನಕ ಸಂದೇಶದಲ್ಲಿ ಬರೆದ ನಂಬರನ್ನು ಏರ್‌ಬಿಎನ್‌ಬಿ ಮರೆಮಾಚುತ್ತದೆ. ಅದಕ್ಕಾಗಿ ‘ಒಂಬತ್ತು, ಎಂಟು, ನಾಲ್ಕು’ ಎಂದು ಅಕ್ಷರದಲ್ಲಿ ಬರೆದು, “ಇಲ್ಲಿಗೆ ಕರೆ ಮಾಡಿ, ಕಮಿಷನ್ ಉಳಿಸೋಣ” ಎನ್ನುವ ಚತುರರಿದ್ದಾರೆ. ಮೊದಲ ಮಾತಿನಲ್ಲೇ ನಿಯಮ ಮುರಿಯೋಣ ಬನ್ನಿ ಎನ್ನುವವರು ಮನೆಗೆ ಬಂದ ಮೇಲೆ ಯಾವ ನಿಯಮವನ್ನು ಉಳಿಸುತ್ತಾರೆ? ಜೊತೆಗೆ, ಹೊರಗೆ ಹಣ ಕೊಟ್ಟು ಮೋಸ ಹೋದರೆ ಆ ಕಂಪನಿ ನಿಮ್ಮ ನೆರವಿಗೆ ಬರುವುದಿಲ್ಲ.

4. ಮುಚ್ಚಿಡಬೇಕೆನಿಸುವ ವಿಷಯ

ಹುಡುಗರದೇ ಗುಂಪು, ಮದುವೆಯಾಗದ ಜೋಡಿ, ನಾಯಿ, ಬಾಟಲಿ. ಮುಚ್ಚಿಡಬೇಡಿ, ಮೊದಲೇ ಹೇಳಿ. ವಯಸ್ಸಿಗೆ ಬಂದ ಇಬ್ಬರು ಮದುವೆಯಾಗದೆ ಒಂದು ಕೋಣೆಯಲ್ಲಿ ತಂಗಬಾರದೆಂಬ ಕಾನೂನು ಇಲ್ಲ. 2019ರಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದರೂ ಕೆಲವು ಮನೆಯವರು ಒಪ್ಪುವುದಿಲ್ಲ. ಅವರೊಂದಿಗೆ ಗೇಟಿನ ಬಳಿ ಕಾನೂನು ವಾದಿಸುವುದಕ್ಕಿಂತ, ಒಪ್ಪುವ ಮನೆಯನ್ನು ಊರಿನಿಂದಲೇ ಹುಡುಕಿಕೊಂಡು ಬರುವುದು ನೆಮ್ಮದಿ. ನಮ್ಮ ಅತ್ತೆಗೆ ಜೋಡಿಗಳ ತಕರಾರಿಲ್ಲ. ಅವರಿಗೆ ಆಗದಿರುವುದು ಬ್ಲೂಟೂತ್ ಸ್ಪೀಕರ್.

ಆರು ಜನ ಹುಡುಗರ ಗುಂಪಾದರೆ ಪ್ರತಿಯೊಬ್ಬರ ಪರಿಚಯ ಬೇಕಿಲ್ಲ. ‘ಒಂದೇ ಕಚೇರಿಯವರು, ಮುಳ್ಳಯ್ಯನಗಿರಿ ಹತ್ತಲು ಬರುತ್ತಿದ್ದೇವೆ, ಬೆಳಿಗ್ಗೆ ಐದಕ್ಕೆ ಹೊರಡಬೇಕು, ಸ್ಪೀಕರ್ ತರುವುದಿಲ್ಲ’ ಎಂದರೆ ಸಾಕು. ಬೆಳಿಗ್ಗೆ ಐದಕ್ಕೆ ಏಳುವವರು ರಾತ್ರಿ ಎರಡರವರೆಗೆ ಕುಣಿಯುವುದಿಲ್ಲ ಎಂಬ ಲೆಕ್ಕ ಎಲ್ಲ ಮಾಲೀಕರಿಗೂ ಬರುತ್ತದೆ. ಬರ್ತ್‌ಡೇ ಪಾರ್ಟಿಯನ್ನು ‘ಕುಟುಂಬದ ಸಣ್ಣ ಕಾರ್ಯಕ್ರಮ’ ಎಂದು ಬರೆದು ಸಾಗಿಸಲು ನೋಡಬೇಡಿ. 2020ರಲ್ಲಿ ಪಾರ್ಟಿಗಳನ್ನು ನಿಷೇಧಿಸಿದ ಏರ್‌ಬಿಎನ್‌ಬಿ, 2022ರಲ್ಲಿ ಆ ನಿಷೇಧವನ್ನು ಕಾಯಂ ಮಾಡಿದೆ. ಖಾತೆಯೇ ಹೋಗಬಹುದು.

5. ಕಾಯುವುದು

ಕೋರಿಕೆಗೆ ಉತ್ತರಿಸಲು ಏರ್‌ಬಿಎನ್‌ಬಿ ಮಾಲೀಕರಿಗೆ 24 ಗಂಟೆ ಕೊಡುತ್ತದೆ. ಆ ಹೊತ್ತಿನಲ್ಲಿ ‘ಹಲೋ?’ ‘ಇದ್ದೀರಾ?’ ಎಂದು ತಿವಿಯಬೇಡಿ. ಅತ್ತೆಯ ಮನೆಯಲ್ಲಿ ಮಳೆಗಾಲದಲ್ಲಿ ಕರೆಂಟ್ ಮೂರು ದಿನ ಹೋಗುವುದುಂಟು.

6. ಕಾಗದ ಪತ್ರ

ಎಲ್ಲರ ಗುರುತಿನ ಚೀಟಿಯೂ ಬೇಕು, ಗುಂಪಿನ ಒಬ್ಬರದು ಸಾಲದು. ಆಧಾರ್ ನಕಲು ಕೊಡಲು ಅಳುಕಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಆಧಾರ್ ಕೊಡುವ ಯುಐಡಿಎಐ ಪ್ರಾಧಿಕಾರದ ತಾಣದಿಂದ ಇಳಿಸಿಕೊಳ್ಳಿ. ಚೀಟಿಯ ನಕಲು ತೆಗೆಯಲು ಪುಕ್ಕಟೆ ಸ್ಕ್ಯಾನ್ ಆ್ಯಪ್‌ಗಳನ್ನು ಬಳಸಬೇಡಿ, ಅವುಗಳಲ್ಲಿ ಕೆಲವು ಚೀಟಿಯಲ್ಲಿರುವ ನಿಮ್ಮ ಮುಖದ ಮೇಲೆಯೇ ತಮ್ಮ ಹೆಸರು ಅಚ್ಚೊತ್ತುತ್ತವೆ. ಗುಂಪಿನಲ್ಲಿ ವಿದೇಶಿ ಪ್ರಜೆ ಇದ್ದರೆ ಕೋರಿಕೆಯಲ್ಲೇ ತಿಳಿಸಿ. ಅವರು ಬಂದ 24 ಗಂಟೆಯೊಳಗೆ ಮಾಲೀಕರು ಅದಕ್ಕೆಂದೇ ಇರುವ ಫಾರಂ ತುಂಬಿ ಸರ್ಕಾರಕ್ಕೆ ತಿಳಿಸಬೇಕು. ಆ ತಾಪತ್ರಯಕ್ಕೆ ಹೆದರಿ ಬೇಡವೆನ್ನುವ ಮನೆಗಳಿವೆ. ಪಾಸ್‌ಪೋರ್ಟ್, ವೀಸಾ ಪ್ರತಿಗಳು ಸಿದ್ಧ ಇವೆ ಎಂದು ಒಂದು ಸಾಲು ಸೇರಿಸಿದರೆ ಅವರಲ್ಲಿ ಕೆಲವರಾದರೂ ಮನಸ್ಸು ಬದಲಿಸುತ್ತಾರೆ.

7. ಮುಂದಿನ ಮನೆಗಾಗಿ

ತಂಗಿ ಹೊರಟ ಮೇಲೆ 14 ದಿನಗಳೊಳಗೆ ಎರಡೂ ಕಡೆಯವರು ಅಭಿಪ್ರಾಯ ಬರೆಯಬಹುದು. ಇಬ್ಬರೂ ಬರೆಯುವ ತನಕ ಅಥವಾ ಗಡುವು ಮುಗಿಯುವ ತನಕ ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹಾಗಾಗಿ ಸೇಡಿನ ಹೆದರಿಕೆಯಿಲ್ಲದೆ ಬರೆಯಿರಿ. ಹೊಸ ಖಾತೆಯವರು ಮೊದಲ ಪ್ರವಾಸಕ್ಕೇ ಡಿಸೆಂಬರ್ ಕೊನೆಯ ವಾರದ ದೊಡ್ಡ ಬಂಗಲೆಗೆ ಕೈ ಹಾಕಬೇಡಿ. ಯಾವುದಾದರೂ ಮಂಗಳವಾರ, ಬುಧವಾರ ಒಂದು ಸಣ್ಣ ಮನೆಯಲ್ಲಿ ತಂಗಿ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಡದೆ ಹೊರಡಿ. ಅಲ್ಲಿ ಸಿಗುವ ಒಂದು ಒಳ್ಳೆಯ ಮಾತು ಮುಂದಿನ ನಾಲ್ಕು ಕೋರಿಕೆಗಳಿಗೆ ಸಾಕು.

ಇಷ್ಟೆಲ್ಲ ಮಾಡಿಯೂ ‘ಕ್ಷಮಿಸಿ’ ಬಂದರೆ ಕಾರಣ ಕೇಳಿ ಜಗ್ಗಾಡಬೇಡಿ. ಮನೆಯಲ್ಲಿ ಸೂತಕವಿರಬಹುದು, ಪಂಪ್ ಕೆಟ್ಟಿರಬಹುದು. “ಪರವಾಗಿಲ್ಲ, ಜೂನ್‌ನಲ್ಲಿ ಬರಬಹುದೇ?” ಎಂದು ಕೇಳಿ. ಜಿಗಣೆ ಕಾಲದಲ್ಲಿ ಬರುತ್ತೇನೆ ಎನ್ನುವವರು ಅಪರೂಪ. ಅಂಥವರನ್ನು ಅತ್ತೆ ಇದುವರೆಗೆ ಬೇಡವೆಂದಿಲ್ಲ.