ಬೇಡದ ಇಮೇಲ್‌ಗಳನ್ನು ಇನ್‌ಬಾಕ್ಸಿನಿಂದ ದೂರವಿಡುವುದು ಹೇಗೆ?

ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡಿಸುವಾಗ ಕೊಟ್ಟ ವಿಳಾಸಕ್ಕೆ ರಿಯಾಯಿತಿಯ ಜಾಹೀರಾತು ಬರುತ್ತದೆ. ಗಲ್ಫ್‌ನಲ್ಲಿ ಕೆಲಸ ಕೊಡಿಸುತ್ತೇವೆಂದು ವೀಸಾ ಶುಲ್ಕ ಕೇಳುವ ಮೋಸದ ಪತ್ರವೂ ಅಲ್ಲಿಗೇ ಬಂದು ಬೀಳುತ್ತದೆ. ಎರಡನ್ನೂ ಅಳಿಸಿ ಸುಮ್ಮನಾದರೆ ಮುಂದಿನವು ನಿಲ್ಲುವುದಿಲ್ಲ. ಜಿಮೇಲ್ ಬಳಸುವವರು ಹೀಗೆ ಮಾಡಬಹುದು.

ಮೊದಲಿಗೆ, ನಾವಾಗಿಯೇ ವಿಳಾಸ ಕೊಟ್ಟ ಅಂಗಡಿಯ ಪತ್ರವಾದರೆ, ಕಳುಹಿಸಿದವರ ಹೆಸರಿನ ಪಕ್ಕದಲ್ಲಿ ಕಾಣುವ ‘ಅನ್‌ಸಬ್‌ಸ್ಕ್ರೈಬ್’ ಒತ್ತಿದರೆ ಸಾಕು. ಗುರುತಿಲ್ಲದವರ ಪತ್ರದೊಳಗಿನ ಯಾವ ಕೊಂಡಿಯನ್ನೂ ಮುಟ್ಟಬಾರದು. ಮುಟ್ಟಿದರೆ ಈ ವಿಳಾಸ ಬಳಕೆಯಲ್ಲಿದೆ ಎಂಬುದು ಅವರಿಗೆ ಖಚಿತವಾಗುತ್ತದೆ. ಅಂಥ ಪತ್ರವನ್ನು ‘ರಿಪೋರ್ಟ್ ಸ್ಪ್ಯಾಮ್’ (ಬೇಡದ ಪತ್ರವೆಂದು ದೂರು) ಮಾಡಬೇಕು. ಅನುಮಾನವಿದ್ದರೆ ಕಳುಹಿಸಿದವರ ಪೂರ್ಣ ವಿಳಾಸವನ್ನು ತೆರೆದು ನೋಡಿ: ಹೆಸರು ದೊಡ್ಡ ಕಂಪನಿಯದ್ದಾಗಿದ್ದು, ವಿಳಾಸ ಯಾರು ಬೇಕಾದರೂ ತೆರೆಯಬಹುದಾದ ಉಚಿತ ಖಾತೆಯದ್ದಾಗಿದ್ದರೆ ಅದನ್ನು ನಂಬಬೇಡಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇಷ್ಟಾದರೂ ಬರುತ್ತಲೇ ಇರುವ ಜಾಹೀರಾತುಗಳಿಗೆ ಫಿಲ್ಟರ್, ಅಂದರೆ ಬಂದ ಪತ್ರಗಳನ್ನು ತಾನಾಗಿಯೇ ಬೇರ್ಪಡಿಸುವ ನಿಯಮ, ಬೇಕು. ಇದನ್ನು ಮೊಬೈಲ್ ಆ್ಯಪ್‌ನಲ್ಲಿ ಅಲ್ಲ, ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಮಾಡಬೇಕು. ಮೇಲಿನ ಹುಡುಕುವ ಪಟ್ಟಿಯ ಬಲತುದಿಯ ಚಿಹ್ನೆಯನ್ನು ಒತ್ತಿ, ‘ಫ್ರಮ್’ ಎಂಬಲ್ಲಿ ಕಳುಹಿಸುವವರ ವಿಳಾಸವನ್ನಾಗಲಿ, ‘ಹ್ಯಾಸ್ ದ ವರ್ಡ್ಸ್’ ಎಂಬಲ್ಲಿ ಪದವನ್ನಾಗಲಿ ಬರೆದು, ಮೊದಲು ‘ಸರ್ಚ್’ ಒತ್ತಿ ಯಾವ ಪತ್ರಗಳು ಸಿಗುತ್ತವೆಂದು ನೋಡಬೇಕು. ಈ ಹಂತವನ್ನು ದಯವಿಟ್ಟು ಬಿಡಬೇಡಿ. ‘ಆಫರ್’ ಎಂಬ ಪದ ಹಾಕಿದರೆ ಸೀರೆಯ ಜಾಹೀರಾತಿನೊಂದಿಗೆ ಮಗಳಿಗೆ ಬಂದ ನೌಕರಿಯ ಆಫರ್ ಲೆಟರೂ ಸಿಕ್ಕಿಬೀಳುತ್ತದೆ. ಫಲಿತಾಂಶ ಸರಿಯಿದ್ದರೆ ಅದೇ ಚಿಹ್ನೆಯನ್ನು ಮತ್ತೆ ಒತ್ತಿ ‘ಕ್ರಿಯೇಟ್ ಫಿಲ್ಟರ್’ ಆರಿಸಿ. ಮುಂದಿನ ಆಯ್ಕೆಗಳಲ್ಲಿ ‘ಡಿಲೀಟ್ ಇಟ್’ ಬೇಡವೆಂದೇ ನನ್ನ ಸಲಹೆ. ‘ಸ್ಕಿಪ್ ದ ಇನ್‌ಬಾಕ್ಸ್’ ಜೊತೆಗೆ ‘ಜಾಹೀರಾತು’ ಎಂಬ ಲೇಬಲ್ ಕೊಟ್ಟರೆ ಅವು ಕಣ್ಣಿಗೆ ಬೀಳುವುದಿಲ್ಲ, ಬೇಕಾದಾಗ ಸಿಗುತ್ತವೆ.

ಇನ್ನು ಮುಂದೆ ಅಂಗಡಿಗಳಿಗೆ ವಿಳಾಸ ಕೊಡುವಾಗ ನಿಮ್ಮ ಹೆಸರಿನ ನಂತರ, ಅಟ್ ಚಿಹ್ನೆಗೆ ಮೊದಲು, ಪ್ಲಸ್ ಹಾಕಿ ‘ಅಂಗಡಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ. ಪತ್ರ ನಿಮ್ಮ ಖಾತೆಗೇ ಬರುತ್ತದೆ, ‘ಟು’ ಎಂಬಲ್ಲಿ ಆ ವಿಳಾಸವನ್ನು ಬರೆದು ಒಂದೇ ಫಿಲ್ಟರಿನಲ್ಲಿ ಎಲ್ಲವನ್ನೂ ಹಿಡಿಯಬಹುದು.

ಕೊನೆಯದಾಗಿ, ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಬೇಕು. ಮಣಿಪಾಲದ ಕಾಲೇಜಿನ ಪ್ರವೇಶ ಪತ್ರವೋ ದುಬೈಯಿಂದ ಅಣ್ಣ ಕಳುಹಿಸಿದ ದಾಖಲೆಯೋ ತಪ್ಪಿ ಅಲ್ಲಿಗೆ ಹೋಗಿರಬಹುದು. 30 ದಿನಗಳ ನಂತರ ಅಲ್ಲಿರುವುದು ತಾನಾಗಿಯೇ ಅಳಿಸಿಹೋಗುತ್ತದೆ. ಸಿಕ್ಕಿದ್ದಕ್ಕೆ ‘ನಾಟ್ ಸ್ಪ್ಯಾಮ್’ ಒತ್ತಿ, ಆ ವಿಳಾಸಕ್ಕೆ ‘ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್’ ಎಂಬ ಫಿಲ್ಟರ್ ಮಾಡಿಡಿ.